ಅಕ್ಷರದ ಮಗ್ಗುಲಿನ ಚಿತ್ರ

ಹೆಗಲ ಮೇಲೆ ಶವವನ್ನು ಹೇರಿಕೊಂಡು, ಒರೆಯಿಂದ ಸೆಳೆದ ಖಡ್ಗವನ್ನು ಕೈಯಲ್ಲಿ ಹಿಡಿದು, ಸ್ಮಶಾನದ ಕತ್ತಲೆಯೊಳಗಿಂದ ಮಾತಿಲ್ಲದೆ ನಡೆದುಬರುವ ವಿಕ್ರಮನನ್ನು ಬಾಲ್ಯದಲ್ಲಿ ಕಂಡಿರದ ಕನ್ನಡಿಗರು, ಐವತ್ತು ದಾಟಿದವರ ಪೈಕಿ, ತೀರ ವಿರಳವೆಂದೇ ಹೇಳಬೇಕು. ಆದರೆ ‘ಚಂದಮಾಮ’ದ ಪುಟಗಳಲ್ಲಿ ಆ ಅರಸನಿಗೆ ಆ ನಿಲುವನ್ನೂ ಆ ನಡಿಗೆಯನ್ನೂ ದಯಪಾಲಿಸಿದವರು ‘ಶಂಕರ್’ ಎಂದು ಪ್ರಸಿದ್ಧರಾಗಿದ್ದ ಕೆ. ಸಿ. ಶಿವಶಂಕರನ್ (1924–2020) ಎಂಬುದನ್ನು ಬಲ್ಲವರು ಅದಕ್ಕಿಂತಲೂ ವಿರಳ. ಕಥೆ ಬರೆದವರ ಹೆಸರನ್ನು ಶೀರ್ಷಿಕೆಯ ಕೆಳಗೆ ದಪ್ಪಕ್ಷರಗಳಲ್ಲಿ ಅಚ್ಚು ಮಾಡುವುದೂ, ಆ ಕಥೆಯ ಪಾತ್ರಗಳಿಗೆ ಮುಖವನ್ನು ಕೊಟ್ಟವರ ಹೆಸರು ಚಿತ್ರದ ಕೆಳಮೂಲೆಯಲ್ಲಿ, ಹುಲ್ಲಿನ ಎಸಳುಗಳ ನಡುವೆಯೋ ಸೀರೆಯ ನಿರಿಗೆಯ ಪಕ್ಕದಲ್ಲಿಯೋ, ಇರುವೆಯ ಗಾತ್ರದಲ್ಲಿ ಅಡಗಿ ಕುಳಿತಿರುವುದೂ ನಮ್ಮ ವಾರಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ.

ಕಥೆಗೆ ಬರೆದ ಚಿತ್ರ, ಗ್ರಂಥದ ಮುಖಪುಟ, ಪಾಠಪುಸ್ತಕದ ರೇಖಾಚಿತ್ರ ಮುಂತಾದವು ಗೋಡೆಗೆ ತೂಗುಹಾಕುವ ವರ್ಣಚಿತ್ರದ ಬಡ ನೆಂಟರೆಂದು ಭಾವಿಸುವ ಕಲಾರಸಿಕರುಂಟು. ಆ ಭಾವನೆ ನನಗೆ ಸಮ್ಮತವಲ್ಲ. ವರ್ಣಚಿತ್ರಕಾರನು ತನ್ನ ಪಟಕ್ಕೆ ತಾನೇ ಒಡೆಯ. ಪುಸ್ತಕಕ್ಕೆ ಚಿತ್ರ ಬರೆಯುವವನಾದರೋ ಒಂದು ಕಡೆ ಲೇಖಕನ ಮಾತಿಗೂ ಇನ್ನೊಂದು ಕಡೆ ಅಚ್ಚುಕೂಟದ ಯಂತ್ರಕ್ಕೂ ಏಕಕಾಲದಲ್ಲಿ ಅಧೀನನಾಗಿದ್ದು, ಆ ಎರಡು ಅಧೀನತೆಗಳ ನಡುವಿನ ಅಂಗೈಯಗಲದ ಜಾಗದಲ್ಲಿ ತನ್ನ ಸ್ವಾತಂತ್ರ್ಯವನ್ನು ಹುಡುಕಿಕೊಳ್ಳಬೇಕಾದವನು. ಇಬ್ಬರು ಯಜಮಾನರಲ್ಲಿ ಯಂತ್ರವೇ ಹೆಚ್ಚು ನಿಷ್ಠುರವಾದುದು. ಅಚ್ಚಿನ ವಿಧಾನ ಮಾರ್ಪಟ್ಟಾಗಲೆಲ್ಲ ಚಿತ್ರಕಾರನ ಕೈಯ ರೇಖೆಯೂ ಮಾರ್ಪಟ್ಟಿದೆ. ಆದಕಾರಣ ಈ ಕಲೆಯ ಚರಿತ್ರೆಯನ್ನು ಚಿತ್ರಶಾಲೆಯಲ್ಲಿ ಹುಡುಕುವುದಕ್ಕಿಂತ, ಮಾಸಿ ಹಳದಿಯಾದ ಪುಟಗಳಲ್ಲಿ ಹುಡುಕುವುದೇ ಯುಕ್ತವಾದುದು.

ಅಚ್ಚು ಹುಟ್ಟುವುದಕ್ಕೆ ಮೊದಲು ನಮ್ಮ ನಾಡಿನಲ್ಲಿ ಅಕ್ಷರದ ಮಗ್ಗುಲಲ್ಲಿ ಚಿತ್ರವಿರಲಿಲ್ಲವೆಂದಲ್ಲ. ಮೂಡಬಿದಿರೆಯ ಜೈನಮಠದಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯ ಓಲೆಗಳಲ್ಲಿ, ಹೊಯ್ಸಳರ ಕಾಲದ, ಅಂದರೆ 12ನೆಯ ಶತಮಾನದ ವರ್ಣಚಿತ್ರಗಳಿವೆ. ತೀರ್ಥಂಕರರೂ ಯಕ್ಷಯಕ್ಷಿಯರೂ ಭಕ್ತರೂ ಆ ಕಿರಿದಾದ ಓಲೆಯ ಪಟ್ಟಿಯಲ್ಲಿ, ಹಳೆಯ ಕನ್ನಡ ಲಿಪಿಯ ಸಾಲುಗಳ ನಡುವೆ, ಇಕ್ಕಟ್ಟನ್ನೇ ಅಲಂಕಾರವಾಗಿ ಮಾಡಿಕೊಂಡು ಕುಳಿತಿದ್ದಾರೆ. ಅನೇಕ ಶತಮಾನಗಳ ತರುವಾಯ, ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯು ದೇವತಾಮೂರ್ತಿಗಳಿಂದ ಮೊದಲುಗೊಂಡು ಯೋಗಾಸನಗಳವರೆಗೆ ಅಸಂಖ್ಯ ವಿಷಯಗಳನ್ನು ಒಂಬತ್ತು ನಿಧಿಗಳಲ್ಲಿ ಚಿತ್ರಸಹಿತವಾಗಿ ಸಂಗ್ರಹಿಸಿದ ಮಹಾಗ್ರಂಥ. ಶ್ಲೋಕದಲ್ಲಿ ಹೇಳಿದ ಲಕ್ಷಣವನ್ನು ಚಿತ್ರವು ಒಂದಿಷ್ಟೂ ಬಿಡದೆ ಅನುಸರಿಸಬೇಕೆಂಬ ನಿಯಮ ಅಲ್ಲಿ ಎಷ್ಟು ಬಿಗಿಯಾಗಿದೆಯೆಂದರೆ, ದೇವತೆಯ ಕೈಗಳ ಸಂಖ್ಯೆ, ಆಯುಧ, ವಾಹನ, ಮೈಬಣ್ಣಗಳೆಲ್ಲ ಮಾತಿನ ಆಜ್ಞೆಯಂತೆಯೇ ನಡೆಯುತ್ತವೆ. ಆದರೆ ಇವೆಲ್ಲ ಕೈಬರಹದ ಪ್ರತಿಗಳು. ಅರಮನೆಯಲ್ಲಿ ಅರಸನೂ ಮಠದಲ್ಲಿ ಸ್ವಾಮಿಗಳೂ ನೋಡುವ ಚಿತ್ರವು ಕೂಲಿಯವನ ಮಗಳ ಕೈಗೆ ಬರಬೇಕಾದರೆ ಕಲ್ಲು ಬೇಕಾಯಿತು.

ಕಲ್ಲೆಂದರೆ ಕಲ್ಲಚ್ಚಿನ ಕಲ್ಲು. 1796ರ ಸುಮಾರಿಗೆ ಜರ್ಮನಿಯಲ್ಲಿ ಸೆನೆಫೆಲ್ಡರನು ಕಂಡುಹಿಡಿದ ಈ ವಿಧಾನಕ್ಕೆ ಆಧಾರವಾದುದು ಎಣ್ಣೆಗೂ ನೀರಿಗೂ ಇರುವ ಸಹಜವೈರ: ನಯವಾಗಿ ಉಜ್ಜಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಅಚ್ಚಿನ ಶಾಯಿಯು ಬರೆದ ಭಾಗಕ್ಕೆ ಮಾತ್ರ ಅಂಟಿಕೊಂಡು ಮಿಕ್ಕ ಭಾಗದಿಂದ ಹಿಂಜರಿಯುತ್ತದೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದಾಗ ಆರಂಭಿಸಿದ್ದು ಕಲ್ಲಚ್ಚಿನಿಂದಲೇ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರತಂದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನ ಪತ್ರಿಕೆಯೇ. ಕಲ್ಲಿನ ಮೇಲೆ ಅಕ್ಷರವೂ ಚಿತ್ರವೂ ಒಂದೇ ಕೈಯ ಬರಹ, ಅವೆರಡಕ್ಕೂ ಜಾತಿಭೇದವಿಲ್ಲ. ಮೊಳೆ ಜೋಡಿಸುವ ಅಚ್ಚು ಬಂದು ನೆಲೆಗೊಂಡಮೇಲೆ ಈ ಸಹಬಾಳ್ವೆ ಮುರಿದುಬಿದ್ದಿತು; ಅಕ್ಷರವು ಮೊಳೆಯ ಪಾಲಾಯಿತು, ಚಿತ್ರವು ಅತ್ಯಂತ ದುಬಾರಿಯಾದ ಅತಿಥಿಯಾಯಿತು. ಕಲ್ಲಚ್ಚು ಆಗ ತನ್ನದೇ ದಾರಿ ಹಿಡಿದು ದೇವರಪಟಗಳ ಕಡೆಗೆ ತಿರುಗಿತು. ರವಿವರ್ಮರ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ತರುವಾಯ ಲಕ್ಷ್ಮಿಯೂ ಸರಸ್ವತಿಯೂ ನಮ್ಮ ನಡುಮನೆಗಳಲ್ಲಿ ಯಾವ ರೂಪದಿಂದ ನೆಲೆಸಿದರೆಂಬುದು ಎಲ್ಲರೂ ಬಲ್ಲ ವಿಷಯ.

ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರನ್ನು ನಾವು ಉದಕಮಂಡಲದ ನಿಸರ್ಗದೃಶ್ಯಗಳಿಗಾಗಿಯೂ, ಅವರ ಕಠೋರ ವ್ರತನಿಷ್ಠೆಗಾಗಿಯೂ ಸ್ಮರಿಸುತ್ತೇವೆ. ಆದರೆ ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ ಪುಸ್ತಕಕ್ಕೂ ಚಿತ್ರ ಬರೆದವರು. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಲಂಡನ್ನಿನಿಂದ ಪ್ರಕಟವಾದಾಗ, ಅದರಲ್ಲಿದ್ದ 32 ವರ್ಣಚಿತ್ರಗಳ ಪೈಕಿ ರಾಮಾಯಣ ಭಾಗದ ಹಲವು ಈ ಮೈಸೂರಿನ ತರುಣನವಾಗಿದ್ದವು. ಅದೇ ಕಲ್ಕತ್ತೆಯಲ್ಲಿ, ಅದೇ ಕಾಲದಲ್ಲಿ, ಉಪೇಂದ್ರಕಿಶೋರ ರಾಯ್ ಚೌಧುರಿಯವರು ಹಾಫ್‌ಟೋನ್ ಬ್ಲಾಕಿನ ಶಾಸ್ತ್ರವನ್ನು ಸ್ವಂತ ಪ್ರಯೋಗಗಳಿಂದ ಪರಿಷ್ಕರಿಸಿ, ತಮ್ಮ ಲೇಖನಗಳನ್ನು ಇಂಗ್ಲೆಂಡಿನ ಮುದ್ರಣಪತ್ರಿಕೆಗೆ ಕಳುಹಿಸುತ್ತ, 1913ರಲ್ಲಿ ‘ಸಂದೇಶ’ವೆಂಬ ಮಕ್ಕಳ ಮಾಸಪತ್ರಿಕೆಯನ್ನು ತೆಗೆದರು. ಬಂಗಾಳದ ಮಕ್ಕಳಿಗೆ ಅಂಥ ಸೌಭಾಗ್ಯ ದೊರೆತುದು ಬ್ಲಾಕು ಮಾಡುವವನೂ ಚಿತ್ರ ಬರೆಯುವವನೂ ಕಥೆ ಹೇಳುವವನೂ ಒಬ್ಬನೇ ಆಗಿದ್ದುದರಿಂದ.

ಬ್ಲಾಕೆಂದರೇನೆಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ 20ನೆಯ ಶತಮಾನದ ಬಹುಭಾಗ ಕನ್ನಡದ ಚಿತ್ರಕಾರನ ಹಣೆಬರಹವನ್ನು ಬರೆದುದು ಅದೇ. ಚಿತ್ರಕಾರನು ಗಟ್ಟಿ ಬಿಳಿಯ ಹಲಗೆಕಾಗದದ ಮೇಲೆ, ಅಚ್ಚಾಗಬೇಕಾದ ಗಾತ್ರಕ್ಕಿಂತ ಒಂದೂವರೆ ಪಾಲೋ ಎರಡು ಪಾಲೋ ದೊಡ್ಡದಾಗಿ, ಕಪ್ಪು ಇಂಡಿಯನ್ ಇಂಕಿನಿಂದ ಚಿತ್ರವನ್ನು ಬರೆಯುವನು. ಅದನ್ನು ಕ್ಯಾಮೆರಾದಿಂದ ಬೇಕಾದ ಅಳತೆಗೆ ಇಳಿಸಿ, ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಸತುವಿನ ತಗಡಿನ ಮೇಲೆ ಮೂಡಿಸಿ, ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ, ರೇಖೆಯಿದ್ದ ಭಾಗ ಉಳಿದು ಬಿಳಿಯ ಭಾಗವೆಲ್ಲ ಕರಗಿ ತಗ್ಗಾಗುವುದು. ಆಮ್ಲವು ರೇಖೆಯ ಪಕ್ಕಗಳನ್ನು ಕೊರೆದು ಬುಡವನ್ನೇ ತಿಂದುಬಿಡದಂತೆ ನಡುನಡುವೆ ರಾಳದ ಪುಡಿಯನ್ನು ಸವರಿ ಕಾಯಿಸುತ್ತಿದ್ದರು. ಹೀಗೆ ಸಿದ್ಧವಾದ ತಗಡನ್ನು ಮರದ ತುಂಡಿಗೆ ಮೊಳೆ ಹೊಡೆದು ಕೂರಿಸಿ, ಅಕ್ಷರದ ಮೊಳೆಗಳ ಎತ್ತರಕ್ಕೆ, ಎಂದರೆ ಸುಮಾರು 0.918 ಅಂಗುಲಕ್ಕೆ, ಸರಿಯಾಗಿ ಹೊಂದಿಸಬೇಕಾಗಿದ್ದಿತು. ಕೂದಲೆಳೆಯಷ್ಟು ತಗ್ಗಾದರೆ ಚಿತ್ರ ಮೂಡದು, ಉಬ್ಬಾದರೆ ಕಾಗದ ಹರಿಯುವುದು.

ಇದರ ಪರಿಣಾಮಗಳನ್ನು ಗಮನಿಸಬೇಕು. ಲೈನ್ ಬ್ಲಾಕಿನಲ್ಲಿ ಕಪ್ಪಿದೆ, ಬಿಳಿಯಿದೆ, ನಡುವೆ ಬೂದುಬಣ್ಣವೆಂಬುದೇ ಇಲ್ಲ. ಛಾಯೆಯನ್ನು ತೋರಬೇಕಾದರೆ ಗೀರುಗಳನ್ನೋ ಚುಕ್ಕೆಗಳನ್ನೋ ಒತ್ತೊತ್ತಾಗಿ ಇಡಬೇಕು. ಆದರೆ ಅತಿಯಾಗಿ ಒತ್ತಿಟ್ಟರೆ ಕೀಳು ದರ್ಜೆಯ ಕಾಗದದ ಮೇಲೆ ಶಾಯಿಯು ಹರಡಿ ಎಲ್ಲವೂ ಕೂಡಿಕೊಂಡು ಕಲೆಯಾಗುವುದು. ಛಾಯಾಚಿತ್ರಕ್ಕೂ ಜಲವರ್ಣಕ್ಕೂ ಹಾಫ್‌ಟೋನ್ ಬ್ಲಾಕಿತ್ತು, ನಿಜ. ಆದರೆ ಅಂಗುಲಕ್ಕೆ 133 ಗೆರೆಗಳ ನಯವಾದ ಜಾಲರಿ ಆರ್ಟ್ ಪೇಪರನ್ನು ಬೇಡುತ್ತಿತ್ತು, ಪತ್ರಿಕೆಯ ಕಾಗದ ತಾಳಬಲ್ಲದ್ದು 65ರ ಒರಟು ಜಾಲರಿಯನ್ನು ಮಾತ್ರ. ಬ್ಲಾಕಿನ ಬೆಲೆಯನ್ನು ಚದರ ಅಂಗುಲದ ಲೆಕ್ಕದಲ್ಲಿ ಕೊಡಬೇಕಾಗಿದ್ದುದರಿಂದ ಸಂಪಾದಕನ ಕಣ್ಣು ಸದಾ ಚಿತ್ರದ ಗಾತ್ರದ ಮೇಲೆಯೇ. ನಮ್ಮ ಹಳೆಯ ಪತ್ರಿಕೆಗಳಲ್ಲಿ ಅದೇ ಹೂಬಳ್ಳಿ, ಅದೇ ದೀಪದ ಕಂಬ, ಅದೇ ಚಿಂತಾಮಗ್ನಳಾದ ಸ್ತ್ರೀ ಬೇರೆ ಬೇರೆ ಕಥೆಗಳ ತಲೆಯ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕಾರಣವೂ ಈ ಮಿತವ್ಯಯವೇ. ಒಮ್ಮೆ ಮಾಡಿಸಿದ ಬ್ಲಾಕನ್ನು ಸವೆಯುವವರೆಗೆ ದುಡಿಸಿಕೊಳ್ಳದೆ ಬಿಡುವ ಮುದ್ರಕನುಂಟೆ?

ಇಂಥ ನಿರ್ಬಂಧದಲ್ಲಿ ಗೆಲ್ಲುವವನು ಕಡಿಮೆ ಗೆರೆಗಳಲ್ಲಿ ಹೆಚ್ಚನ್ನು ಹೇಳಬಲ್ಲವನು. ಡಾ. ಎಂ. ಶಿವರಾಂ, ಎಂದರೆ ‘ರಾಶಿ’ಯವರು, 1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದಾಗ ಅವರಿಗೆ ದೊರೆತವರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ಆರ್. ಕೆ. ಲಕ್ಷ್ಮಣರೂ ಒಬ್ಬರು. ಮುಂಬಯಿಯ ಜೆ. ಜೆ. ಕಲಾಶಾಲೆಯವರು ಪ್ರವೇಶ ನಿರಾಕರಿಸಿದ್ದ ಈ ಯುವಕನು, ಅಣ್ಣ ಆರ್. ಕೆ. ನಾರಾಯಣರ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆಯುತ್ತಲೇ, ಕನ್ನಡದ ಹಾಸ್ಯಪತ್ರಿಕೆಗೂ ಕುಂಚವನ್ನು ಆಡಿಸಿದನು. ಲಕ್ಷ್ಮಣರ ರೇಖೆಯ ಗುಟ್ಟು ಪೆನ್ನಿನದಲ್ಲ, ಕುಂಚದ್ದು: ದಪ್ಪವಾಗಿ ಆರಂಭವಾಗಿ ಬಳುಕಿನಲ್ಲಿ ತೆಳುವಾಗುತ್ತ ಹೋಗುವ ಆ ಗೆರೆಯನ್ನು ಎಂಥ ಒರಟು ಕಾಗದವೂ ಕೆಡಿಸಲಾರದು. ಧೋತ್ರದ ಒಂದು ಮಡಿಕೆ, ಕೊಡೆಯ ಒಂದು ಕಡ್ಡಿ, ಕಾಗೆಯ ಒಂದು ಕೊಕ್ಕು, ಇಷ್ಟರಲ್ಲಿಯೇ ಬೀದಿಯೊಂದು ನಿಂತುಬಿಡುವುದು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂದಾಗ, ಅದರ ಆರಂಭಕ್ಕೆ ಲಕ್ಷ್ಮಣರ ರೇಖಾಚಿತ್ರಗಳೇ ಬೇಕಾದುವು.

ನಮ್ಮ ಮಕ್ಕಳ ಪಾಲಿಗೆ ಬಣ್ಣವನ್ನು ತಂದುದು ಮದರಾಸು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ವು ಅಲ್ಪಕಾಲದಲ್ಲಿಯೇ ಕನ್ನಡಕ್ಕೂ ಬಂದಿತು. ಅದರ ಹಿರಿಮೆಯೆಂದರೆ, ಚಿತ್ರವಿಲ್ಲದ ಪುಟವನ್ನು ಅದು ಪುಟವೆಂದೇ ಎಣಿಸಲಿಲ್ಲ. ಅಲ್ಲಿ ದುಡಿದ ಕಲಾವಿದರಲ್ಲಿ ನಮ್ಮವರೇ ಆದ ಎಂ. ಟಿ. ವಿ. ಆಚಾರ್ಯರೂ ಇದ್ದರು. ಅವರು ಮುಖಪುಟಗಳಿಗಾಗಿ ಬರೆದ ಮಹಾಭಾರತದ ವರ್ಣಚಿತ್ರಗಳಲ್ಲಿ ಭೀಮನ ಭುಜ, ರಥದ ಕುದುರೆ, ಕಿರೀಟದ ಕೆತ್ತನೆ, ಉತ್ತರೀಯದ ಹಾರಾಟಗಳು ಅಂಗರಚನಾಶಾಸ್ತ್ರದ ಗಟ್ಟಿ ಜ್ಞಾನವನ್ನೂ ನಾಟಕೀಯ ದೃಷ್ಟಿಯನ್ನೂ ಕೂಡಿಸಿಕೊಂಡಿದ್ದು, ಒಂದು ಇಡೀ ತಲೆಮಾರಿಗೆ ಕುರುಕ್ಷೇತ್ರವೆಂದರೆ ಅದೇ ಆಗಿಹೋಯಿತು. ಮುಂದೆ ಆಚಾರ್ಯರು ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸುವ ಶಾಲೆಯನ್ನು ನಡೆಸಿದರು. ಹಳ್ಳಿಯ ಹುಡುಗನೊಬ್ಬನು ಅಂಚೆಯಣ್ಣನ ಕೈಯಿಂದ ಮೂಗು ಬರೆಯುವ ಪಾಠವನ್ನು ಪಡೆಯುವುದು ಆಗ ವಿಶೇಷವೆನಿಸಲಿಲ್ಲ.

‘ಚಂದಮಾಮ’ದಲ್ಲಿ ಇನ್ನೊಂದು ಸಂಗತಿಯೂ ಇದ್ದಿತು. ಚಿತ್ರ ಒಂದೇ, ಭಾಷೆಗಳು ಹಲವು. ಒಮ್ಮೆ ಬರೆದ ಚಿತ್ರವೇ ಎಲ್ಲ ಭಾಷೆಗಳ ಸಂಚಿಕೆಗಳಿಗೂ ಒದಗುತ್ತಿತ್ತು, ಪಕ್ಕದ ಅಕ್ಷರ ಮಾತ್ರ ಬದಲಾಗುತ್ತಿತ್ತು. ಪೌರಾಣಿಕ ರಾಜನಿಗೆ ಇದರಿಂದ ಬಾಧೆಯಿಲ್ಲ, ಅವನು ಯಾವ ಊರಿನವನೂ ಅಲ್ಲ. ಆದರೆ ಸಾಮಾನ್ಯ ರೈತನ ಮನೆಯನ್ನು ಬರೆಯುವಾಗ ಆ ಮನೆಯ ಛಾವಣಿ ಮಲೆನಾಡಿನದಾಗದೆ, ಬಯಲುಸೀಮೆಯದಾಗದೆ, ಎಲ್ಲಿಯದೂ ಆಗಬಲ್ಲ ಛಾವಣಿಯಾಯಿತು.

ಈ ವ್ಯಾಪಾರಸೂತ್ರದ ಇನ್ನೊಂದು ವಿಚಿತ್ರ ನಿದರ್ಶನ ಬೆಂಗಳೂರಿನದು. ‘ಅಮರ ಚಿತ್ರ ಕಥೆ’ಯೆಂದೊಡನೆ ಕಾರ್ಕಳದಲ್ಲಿ ಜನಿಸಿದ ಅನಂತ ಪೈ (1929–2011) ನೆನಪಾಗುತ್ತಾರೆ, ಅದು ನ್ಯಾಯವೇ. ಆದರೆ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರ ಸುಮಾರಿಗೆ ಹೊರಬಂದುದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಸಲಹೆಯಿಂದ ಬಂದ ಅವುಗಳಲ್ಲಿ ಇದ್ದುದು ರಾಮನೂ ಅಲ್ಲ, ಕೃಷ್ಣನೂ ಅಲ್ಲ. ಸಿಂಡರೆಲಾ ಮುಂತಾದ ಪಾಶ್ಚಾತ್ಯ ಕಥೆಗಳ ಪರದೇಶಿ ಚಿತ್ರಗಳೇ, ಬಾಯಿಂದ ಹೊರಡುವ ಮಾತುಗಳು ಮಾತ್ರ ಕನ್ನಡ. ರಾಮ್ ವಾಯೀರ್‌ಕರ್ ಚಿತ್ರಿಸಿದ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಬಂದುದಕ್ಕೆ ಕಾರಣ ಇದೇ.

ಊರು, ಮನೆ, ಉಡುಗೆ, ಮುಖ ಎಲ್ಲವೂ ನಿಸ್ಸಂದೇಹವಾಗಿ ಕನ್ನಡದವಾದ ಚಿತ್ರಗಳು ಬಂದುದು ವಾರಪತ್ರಿಕೆ, ಮಾಸಪತ್ರಿಕೆಗಳ ಕಥೆ, ಧಾರಾವಾಹಿಗಳಲ್ಲಿ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ಮಣಿಪಾಲದಿಂದ ‘ತರಂಗ’: ಈ ಎರಡು ದಶಕಗಳನ್ನು ನಮ್ಮ ಕಥಾಚಿತ್ರದ ಸುಭಿಕ್ಷಕಾಲವೆಂದು ನಾನು ಎಣಿಸುತ್ತೇನೆ. ನಾನು ವಾಸಿಸುವ ಬೆಂಗಳೂರಿನ ಪದ್ಮನಾಭನಗರದಲ್ಲಿ, ಹಳೆಯ ಮನೆಗಳನ್ನು ಕೆಡವಿ ನಾಲ್ಕಂತಸ್ತಿನ ಕಟ್ಟಡಗಳನ್ನು ಎಬ್ಬಿಸುವ ಕಾರ್ಯ ಭರದಿಂದ ನಡೆಯುತ್ತಿರುವುದರಿಂದ, ಅಟ್ಟಗಳು ಒಂದೊಂದಾಗಿ ಬರಿದಾಗುತ್ತಿವೆ. ಕದಿರೇನಹಳ್ಳಿಯ ಕಡೆಗೆ ಹೋಗುವ ದಾರಿಯ ರದ್ದಿ ಅಂಗಡಿಗಳಲ್ಲಿ ಅಟ್ಟದ ಐಶ್ವರ್ಯವೆಲ್ಲ ತಕ್ಕಡಿಗೆ ಬರುತ್ತದೆ. ಅಲ್ಲಿ ಕೆಲವೊಮ್ಮೆ ಕಾಣಸಿಗುವ ವಸ್ತುವೆಂದರೆ ಗೃಹಿಣಿಯರು ಕೈಯಾರೆ ಹೊಲಿದ ಧಾರಾವಾಹಿಯ ಪುಸ್ತಕ. ವಾರವಾರವೂ ಪುಟಗಳನ್ನು ಜಾಗರೂಕತೆಯಿಂದ ಕತ್ತರಿಸಿ ತೆಗೆದು, ಕಾದಂಬರಿ ಮುಗಿದಮೇಲೆ ದಬ್ಬಣದಿಂದ ತೂತು ಕೊರೆದು, ದಪ್ಪ ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಿಗೆ ಅಂಟಿಸಿ ಮಾಡಿದ ಅಂಥ ಒಂದನ್ನು ಕೊಂಡು ತಂದು ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಅದನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಶೀರ್ಷಿಕೆ. ಕಾದಂಬರಿಯ ಹೆಸರನ್ನು ಚಿತ್ರಕಾರನೇ ಕೈಯಿಂದ ಬರೆದಿದ್ದಾನೆ. ಒತ್ತಕ್ಷರದ ಬಾಲ ಗಾಳಿಗೆ ಸಿಕ್ಕ ಸೆರಗಾಗಿ ಕೆಳಗಿನ ಸಾಲಿಗೆ ಇಳಿದಿದೆ. ಶೀರ್ಷಿಕೆ ವಾರವಾರವೂ ಅದೇ, ಅದರ ಕೆಳಗಿನ ಚಿತ್ರ ಮಾತ್ರ ಬೇರೆ. ನಾಯಕಿಯ ಬೈತಲೆ ಮೊದಲ ಕಂತಿನಲ್ಲಿ ನಡುವಿನಲ್ಲಿದ್ದುದು ಆರನೆಯ ಕಂತಿನ ವೇಳೆಗೆ ಎಡಕ್ಕೆ ಸರಿದಿದೆ, ಚಿತ್ರಕಾರನಿಗೆ ಹಿಂದಿನ ಸಂಚಿಕೆಯನ್ನು ತೆರೆದು ನೋಡುವ ವ್ಯವಧಾನವಿರಲಿಲ್ಲವೋ ಏನೋ. ಲೇಖಕಿ ಒಂದು ಮಾತನ್ನೂ ಹೇಳದ ಅಡುಗೆಮನೆಯಲ್ಲಿ ಅವನು ತಾನಾಗಿಯೇ ಪಂಪ್ ಸ್ಟವ್ ಒಂದನ್ನು ಇಟ್ಟು, ಗೋಡೆಯ ಗೂಡಿನಲ್ಲಿ ಪಿನ್ನನ್ನೂ ಇಟ್ಟಿದ್ದಾನೆ. ಸ್ಟವ್ವಿನ ಕಣ್ಣು ಕಟ್ಟಿದಾಗ ಬೇಕಾಗುವ ಆ ಪಿನ್ನನ್ನು ಕಂಡಾಗ ಯಾವ ಸಾಮಾಜಿಕ ಚರಿತ್ರೆಯ ಗ್ರಂಥವೂ ಇಷ್ಟು ನೇರವಾಗಿ ಆ ಕಾಲದ ಮಧ್ಯಮವರ್ಗದ ಬೆಂಗಳೂರನ್ನು ಹೇಳಲಾರದೆನಿಸಿತು.

ಈ ಯುಗದ ಹೆಸರುಗಳಲ್ಲಿ ಜಿ. ಕೆ. ಸತ್ಯ, ಪ. ಸ. ಕುಮಾರ್, ಗುಜ್ಜಾರಪ್ಪ ಮೊದಲಾದವರನ್ನು ಹೇಳಬೇಕಾದರೂ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯರು ಚಂದ್ರನಾಥ ಆಚಾರ್ಯರು. ಪುತ್ತೂರಿನಲ್ಲಿ 1949ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ಆರ್. ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನದಲ್ಲಿ ಮುದ್ರಣಕಲೆಯನ್ನು ಅಭ್ಯಸಿಸಿ ಬಂದ ಇವರು ‘ಪ್ರಜಾವಾಣಿ’, ‘ಸುಧಾ’, ‘ಮಯೂರ’ಗಳ ಬಳಗದಲ್ಲಿ ದೀರ್ಘಕಾಲ ಚಿತ್ರ ಬರೆದರು. ಕಥೆಯ ಘಟನೆಯನ್ನು ಯಥಾವತ್ತಾಗಿ ಪುನರುಚ್ಚರಿಸುವುದನ್ನು ಬಿಟ್ಟು, ಕಥೆಯ ಮನೋಭಾವಕ್ಕೆ ಸಮನಾದ ಬೇರೊಂದು ಆಕೃತಿಯನ್ನು ನಿಲ್ಲಿಸುವುದು ಇವರ ಮಾರ್ಗ. ನವ್ಯ ಕಥೆಗಳಿಗೆ ಅಂಥ ಚಿತ್ರವೇ ಬೇಕಾಗಿದ್ದಿತು. ಏನೂ ಘಟಿಸದ ಕಥೆಗೆ ಘಟನೆಯ ಚಿತ್ರವನ್ನು ಎಲ್ಲಿಂದ ತರುವುದು? ಇದೇ ಕಾಲದಲ್ಲಿ ಎಸ್. ಜಿ. ವಾಸುದೇವರಂಥ ವರ್ಣಚಿತ್ರಕಾರರು ನವ್ಯ ಲೇಖಕರ ಗ್ರಂಥಗಳಿಗೆ ಮುಖಪುಟ ಬರೆದುಕೊಟ್ಟುದನ್ನೂ, ಚಿತ್ರಶಾಲೆಗೂ ಪುಸ್ತಕದಂಗಡಿಗೂ ನಡುವಣ ಗೋಡೆ ಆಗ ಸ್ವಲ್ಪ ಕುಸಿದುದನ್ನೂ ಮರೆಯಬಾರದು.

ನೆರೆಯ ಭಾಷೆಗಳ ಕಡೆಗೆ ನೋಡಿದಾಗ ನನಗೆ ಸ್ವಲ್ಪ ಅಸೂಯೆಯಾಗುವುದುಂಟು. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ಗೆ ಚಿತ್ರ ಬರೆದ ಮಣಿಯಂ ತಮಿಳರಿಗೆ ಮನೆಮಾತು, ಬಾಪು ಅವರ ಕೈಬರಹವೇ ತೆಲುಗಿನಲ್ಲಿ ಒಂದು ಅಕ್ಷರಶೈಲಿಯಾಯಿತು, ನಂಬೂದಿರಿಯವರ ರೇಖೆ ಮಲಯಾಳದ ದೊಡ್ಡ ಕಾದಂಬರಿಕಾರರಿಗೆ ಸರಿಸಮನಾಗಿ ಗೌರವ ಪಡೆಯಿತು. ನಮ್ಮಲ್ಲಿಯಾದರೋ ಧಾರಾವಾಹಿಯು ಪುಸ್ತಕವಾಗಿ ಮರುಮುದ್ರಣಗೊಂಡಾಗ ಮೊದಲು ಬಿಟ್ಟುಹೋಗುವುದು ಚಿತ್ರವೇ. ಗ್ರಂಥಾಲಯಕ್ಕೆ ಸೇರುವ ಪ್ರತಿ ಚಿತ್ರರಹಿತವಾದ ಪ್ರತಿ. ಆ ಚಿತ್ರಗಳು ಬೇಕೆಂದರೆ ರದ್ದಿಯ ತಕ್ಕಡಿಯ ಬಳಿಗೇ ಹೋಗಬೇಕು.

ಆಫ್‌ಸೆಟ್ ಅಚ್ಚು ಹರಡಿಕೊಂಡಮೇಲೆ ಬ್ಲಾಕಿನ ಸಂಕೋಲೆ ಕಳಚಿಬಿದ್ದಿತು. ಬೂದುಬಣ್ಣವೂ ಜಲವರ್ಣದ ಹರವೂ ಅಗ್ಗವಾದುವು. ಆದರೆ ಅದೇ ಯಂತ್ರ ಛಾಯಾಚಿತ್ರವನ್ನೂ ಅಷ್ಟೇ ಅಗ್ಗ ಮಾಡಿದುದರಿಂದ ಪತ್ರಿಕೆಗಳ ಮುಖಪುಟವನ್ನು ನಟೀಮಣಿಯರು ಆಕ್ರಮಿಸಿದರು, ಕಥಾಚಿತ್ರವು ಒಳಪುಟಗಳಿಗೆ ಸರಿಯಿತು. ಪುಸ್ತಕದ ಮುಖಪುಟ ಮಾತ್ರ ಮತ್ತೆ ಜೀವ ತಳೆದಿದೆ. ‘ಅಪಾರ’ ಎಂಬ ಹೆಸರಿನಿಂದ ಪ್ರಸಿದ್ಧರಾದ ರಘು ಅವರಂಥ ವಿನ್ಯಾಸಕಾರರು ಕನ್ನಡ ಅಕ್ಷರದ ವೃತ್ತಗಳನ್ನೇ ಚಿತ್ರವಾಗಿಸಿ, ಮುಖಪುಟವನ್ನು ನೋಡಿಯೇ ಪುಸ್ತಕ ಕೊಳ್ಳುವ ಚಪಲವನ್ನು ನಮ್ಮಲ್ಲಿ ಬೆಳೆಸಿದ್ದಾರೆ.

ಮಕ್ಕಳ ಪುಸ್ತಕಗಳ ಸ್ಥಿತಿ ಇನ್ನೂ ಕುತೂಹಲಕರವಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಿಂದ ‘ಸ್ಟೋರಿವೀವರ್’ ಮೂಲಕ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಓದುವಂತೆ, ತಮ್ಮ ಭಾಷೆಗೆ ತಂದುಕೊಳ್ಳುವಂತೆ ತೆರೆದಿಟ್ಟಿದೆ. ಚಿತ್ರಕಾರರ ಹೆಸರು ಅಲ್ಲಿ ಲೇಖಕರ ಹೆಸರಿನ ಜೊತೆಗೇ ಅಚ್ಚಾಗುತ್ತದೆ. ಇದು ನಾವು ಕಾಣದೆ ಇದ್ದ ಮರ್ಯಾದೆ. ಕೈಯಲ್ಲಿ ಡಿಜಿಟಲ್ ಲೇಖನಿ ಹಿಡಿದ ಇಂದಿನ ತರುಣಿಗೆ ಸತುವಿನ ತಗಡಿನ ಭಯವಿಲ್ಲ, ಬಣ್ಣದ ಲೆಕ್ಕವಿಲ್ಲ, ತಪ್ಪಿದರೆ ಅಳಿಸುವುದಕ್ಕೂ ಶ್ರಮವಿಲ್ಲ. ಆದರೆ ಅವಳು ಬರೆಯುವ ಚಿತ್ರ ಕನ್ನಡದ ಜೊತೆಗೆ ಅಸಮಿಯಾಕ್ಕೂ ಮರಾಠಿಗೂ, ಎಷ್ಟೋ ಬಾರಿ ನಾವು ಹೆಸರು ಕೇಳದ ಆಫ್ರಿಕದ ಭಾಷೆಗೂ ಹೊಂದಬೇಕಾಗಿರುವುದರಿಂದ, ಅಂಗಡಿಯ ಹಲಗೆಯ ಮೇಲೆ ಅವಳು ಅಕ್ಷರ ಬರೆಯುವುದಿಲ್ಲ, ಬಸ್ಸಿನ ನೆತ್ತಿಯ ಮೇಲೆ ಊರಿನ ಹೆಸರು ಹಾಕುವುದಿಲ್ಲ. ಪದ್ಮನಾಭನಗರಕ್ಕೆ ಬರುವ ಬಸ್ಸನ್ನು ಅವಳು ಬರೆದರೂ ಅದರ ಫಲಕವನ್ನು ಖಾಲಿ ಬಿಡಬೇಕು, ಇಲ್ಲವೆ ಪ್ರತಿ ಭಾಷೆಗೂ ಫಲಕವನ್ನು ಬೇರೆ ಬೇರೆಯಾಗಿ ಬರೆದುಕೊಡಬೇಕು. ಎರಡನೆಯದಕ್ಕೆ ಸಂಭಾವನೆ ಕೊಡುವ ಪ್ರಕಾಶಕರು ಇನ್ನೂ ಹೆಚ್ಚಿಲ್ಲ.